ಮುಂಗೋಣೆಯ ಕಾರ್ಪೆಟ್ಟು

ಕೈಗತ್ತರಿಯವರು ಒಂದು ಕುರಿಯ ಉಣ್ಣೆ ತೆಗೆಯಲು ಐದೂವರೆ ಡಾಲರ್ ಕೇಳುತ್ತಿದ್ದರು. ಯಂತ್ರದವರು ಮೂರೂವರೆಗೆ ಮುಗಿಸುತ್ತಿದ್ದರು. ಸಾವಿರದ ನೂರು ಕುರಿಗೆ ಎರಡೆರಡು ಡಾಲರ್ ಉಳಿದರೆ ಎರಡು ಸಾವಿರದ ಇನ್ನೂರು. ಅದರ ಮೇಲೆ, ಕೈಗತ್ತರಿಯವರು ಬಂದರೆ ವಾರವಿಡೀ ಅವರಿಗೆ ಮೂರು ಹೊತ್ತು ಊಟ, ನಡುವೆ ಎರಡು ಸಲ ಚಹಾ, ಸ್ಕೋನು, ಚೀಸ್ ರೋಲು. ಯಂತ್ರದವರಾದರೆ ಮೂರು ದಿನಕ್ಕೆ ಗಂಟುಮೂಟೆ ಕಟ್ಟುತ್ತಾರೆ. ಬೆಣ್ಣೆಯ ಕಟ್ಟು ಎಂಟು ಡಾಲರ್ ಮುಟ್ಟಿರುವ ಕಾಲದಲ್ಲಿ ಇದೂ ಸಣ್ಣ ಲೆಕ್ಕವಲ್ಲ. ಇತ್ತ ಡನೀಡನ್ ಪಟ್ಟಣದ ಅಂಗಡಿಯವನು ಮುಂಗೋಣೆಗೆ ಅಪ್ಪಟ ಉಣ್ಣೆಯ ಕಾರ್ಪೆಟ್ಟು ಹಾಸಿಕೊಡಲು, ಅಡಿಯ ಮೆತ್ತೆ ಸೇರಿಸಿ, ಎರಡು ಸಾವಿರದ ನಾನ್ನೂರು ಹೇಳಿದ್ದ.

ಎರಡು ಲೆಕ್ಕಗಳು ಒಂದಕ್ಕೊಂದು ಇಷ್ಟು ಸಲೀಸಾಗಿ ಹೊಂದಿಕೊಂಡಾಗ ಮನುಷ್ಯ ಸ್ವಲ್ಪ ಹುಷಾರಾಗಬೇಕು. ಶೋನಾಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೂ ಜುಲೈ ತಿಂಗಳ ಆ ಸಂಜೆ, ತಟ್ಟೆಗಳಿಗೆ ಕುರಿಮಾಂಸ, ಕಿವುಚಿದ ಆಲೂಗಡ್ಡೆ ಬಡಿಸುತ್ತಾ ಮಾತು ತೆಗೆದೇಬಿಟ್ಟಳು.

"ಈ ಸಲ ಯಂತ್ರದವರನ್ನೇ ಕರೆಸೋಣ."

ಅವಳ ಗಂಡ ಡೂಗಲ್ ತಲೆ ಎತ್ತದೆ, "ಇಪ್ಪತ್ತು ವರ್ಷದಿಂದ ಹೇಳ್ತಿದೀನಿ," ಅಂದ. ಅವನು ಹರೆಯದಲ್ಲಿ ಯಂತ್ರದ ತಂಡದಲ್ಲಿ ಉಣ್ಣೆ ತೆಗೆಯುತ್ತಿದ್ದವನು. ರಾನ್‌ಫರ್ಲಿಯ ಕುಣಿತದ ಸಂಜೆಯಲ್ಲಿ ಶೋನಾಳನ್ನು ಕಂಡು, ಮದುವೆಯಾಗಿ, ಮಾವನ ಮನೆಗೇ ಬಂದು ನೆಲೆಸಿದ ಮನೆಯಳಿಯ.

ಶೋನಾಳ ತಾಯಿ ನೆಟ್ಟಿ ಮುಳ್ಳುಚಮಚ ಕೆಳಗಿಟ್ಟಳು. "ನಿಮ್ಮಪ್ಪ ಇದ್ದಿದ್ರೆ ಯಂತ್ರದವರ ಗಾಡಿ ನಮ್ಮ ಗೇಟ್ ದಾಟ್ತಿರ್ಲಿಲ್ಲ."

"ಅಪ್ಪ ಇಲ್ವಲ್ಲಮ್ಮ."

"ಇಲ್ಲ ಅಂತ ನಂಗೂ ಗೊತ್ತು. ಪಕ್ಕದ ದಿಂಬು ಖಾಲಿ ಇರೋದು ನಂದು."

ಆರ್ಚಿ ಹೋಗಿ ಮೂರು ಚಳಿಗಾಲ ಕಳೆದಿತ್ತು. ಕುರಿದೊಡ್ಡಿಯಲ್ಲಿ ನಿಂತಹಾಗೆಯೇ ಎದೆ ಹಿಡಿದುಕೊಂಡು ಕುಸಿದಿದ್ದ. ಬದುಕಿದ್ದಷ್ಟು ದಿನ ಕೈಗತ್ತರಿ ಬಿಟ್ಟು ಬೇರೆ ಏನನ್ನೂ ಅವನು ತನ್ನ ಕುರಿಯ ಮೈಗೆ ಮುಟ್ಟಿಸಿದವನಲ್ಲ. ಕೈಗತ್ತರಿ ಕುರಿಯ ಮೈಮೇಲೆ ಅರ್ಧ ಬೆರಳಷ್ಟು ಉಣ್ಣೆ ಬಿಡುತ್ತದೆ. ಯಂತ್ರ ಚರ್ಮದವರೆಗೂ ಬೋಳಿಸಿಬಿಡುತ್ತದೆ. ಭೂಮಿಯ ತೆಂಕಣ ತುದಿಯ ಆ ನಾಡಿನಲ್ಲಿ ಆಗಸ್ಟ್ ಇನ್ನೂ ಚಳಿಗಾಲ. ಆಗಲೇ, ಗಬ್ಬದ ಕುರಿಗಳು ಮರಿ ಹಾಕುವ ಮುಂಚೆ, ಉಣ್ಣೆ ತೆಗೆಸುವ ಊರಿನಲ್ಲಿ ಆ ಅರ್ಧ ಬೆರಳು ದೊಡ್ಡ ಮಾತು. ತೆಂಕಣ ಗಾಳಿ ಯಾವತ್ತು ಹಿಮ ಹೊತ್ತು ತರುತ್ತದೋ ಯಾರು ಕಂಡವರು?

"ನೆಟ್ಟಿ, ಮಾವ ಬದುಕಿದ್ದಾಗ ನೀವು ಒಂದು ದಿನಾನೂ ಅವರನ್ನ ಹೊಗಳಿದ್ದು ನಾನು ಕೇಳಿಲ್ಲ," ಅಂದ ಡೂಗಲ್. "ಸತ್ತ ಕುರಿಗೆ ಉಣ್ಣೆ ಜಾಸ್ತಿ."

ಮೊಮ್ಮಗಳು ಟೆಸ್ ಕಿಸಕ್ಕನೆ ನಕ್ಕಳು. ಅವಳಿಗೆ ಹದಿನೇಳು.

"ನಗು, ನಗು. ನಿಮ್ಮಪ್ಪ ಉಣ್ಣೆ ತೆಗೆಯೋದಲ್ಲ, ಕುರಿಗೆ ಕ್ಷೌರ ಮಾಡೋದು. ತಾತ ಹಾಗೇ ಅಂತಿದ್ರು," ಅಂದಳು ನೆಟ್ಟಿ.

"ಅಮ್ಮ, ಆ ಉಳಿತಾಯ ಯಾತಕ್ಕೆ ಅಂತಾದ್ರೂ ಕೇಳು," ಅಂದಳು ಶೋನಾ. "ನಿನ್ನ ಮುಂಗೋಣೆಗೆ ಕಾರ್ಪೆಟ್ ಹಾಕಿಸೋಣ ಅಂತ."

ಸೊಂಟದ ಮೂಳೆಯ ಆಪರೇಷನ್ ಆದಮೇಲೆ ಹಿಂದಿನ ಕೋಣೆಯ ಥಂಡಿ ನೆಟ್ಟಿಗೆ ತಡೆಯಲಾಗದೆ ಅವಳ ಮಂಚವನ್ನು ಮುಂಗೋಣೆಗೆ ತಂದು ಹಾಕಿದ್ದರು. ಮನೆಯಲ್ಲೆಲ್ಲ ದೊಡ್ಡ ಕೋಣೆ ಅದು. ಬಿಸಿಲು ಬರುತ್ತಿತ್ತು, ಆದರೆ ನೆಲ ಬರೀ ಹಲಗೆ. ಹಲಗೆಯ ಸಂದಿಯಿಂದ ಏಳುವ ಗಾಳಿಗೆ ಬೆಳಗ್ಗೆ ಮಂಚದಿಂದ ಕಾಲಿಳಿಸಲು ಅವಳು ಹತ್ತು ನಿಮಿಷ ಧೈರ್ಯ ಕೂಡಿಸಿಕೊಳ್ಳಬೇಕಿತ್ತು.

"ಕುರಿ ಸಾಕೋ ಮನೆಯೋರು ದುಡ್ಡು ಕೊಟ್ಟು ಉಣ್ಣೆ ಹಾಸ್ಕೋಬೇಕು ನೋಡು," ಅಂದಳು ನೆಟ್ಟಿ. ಬೇಡ ಅನ್ನಲಿಲ್ಲ.

"ಅಜ್ಜಿ, ಆ ಹಳೇ ಕಾರ್ಪೆಟ್ ಕಥೆ ಹೇಳಿ," ಅಂದಳು ಟೆಸ್.

ಆ ಮನೆಯಲ್ಲಿ ನೂರು ಸಲ ಹೇಳಿ ಸವೆದ ಕಥೆ ಅದು. ಶೋನಾಗೆ ಒಂಬತ್ತು ವರ್ಷವಿದ್ದಾಗ, ಉಣ್ಣೆ ತೆಗೆಸಿದ ಮಾರನೆಯ ದಿನ ಹಿಮ ಬಿತ್ತು. ಕೈಗತ್ತರಿಯ ಅರ್ಧ ಬೆರಳೂ ಸಾಲದ ಹಿಮ. ಕೊಟ್ಟಿಗೆಗಳೆಲ್ಲ ತುಂಬಿದಮೇಲೆ ಆರ್ಚಿ ಉಳಿದ ಕುರಿಗಳನ್ನು ಸೀದಾ ಮುಂಗೋಣೆಗೆ ನುಗ್ಗಿಸಿದ. ಅಲ್ಲಿ ಗುಲಾಬಿ ಬಣ್ಣದ ಹೊಸ ಕಾರ್ಪೆಟ್ಟು. ನೆಟ್ಟಿ ನಾಲ್ಕು ವರ್ಷ ಮೊಟ್ಟೆ ಮಾರಿ ಕೂಡಿಟ್ಟ ದುಡ್ಡಿನಲ್ಲಿ ತಂದು ಹಾಸಿದ್ದು.

"ನಾನು ಬಾಗಿಲಲ್ಲಿ ಪೊರಕೆ ಹಿಡ್ಕೊಂಡು ನಿಂತೆ," ಎಂದು ನೆಟ್ಟಿ ಕೈ ಎತ್ತಿ ತೋರಿಸಿದಳು. "ನಿಮ್ಮ ತಾತ ಏನಂದ್ರು ಗೊತ್ತಾ? 'ನೆಟ್ಟಿ, ಅತಿಥಿಗಳು ಬಂದಿದಾರೆ, ಚಹಾ ಇಡು!' "

ಎಲ್ಲರೂ ನಕ್ಕರು. ನೆಟ್ಟಿಯೂ ನಕ್ಕಳು. ಶೋನಾಗೆ ಆ ದಿನ ನೆನಪಾದರೆ ಮೈ ಬೆಚ್ಚಗಾಗುತ್ತಿತ್ತು. ಅಪ್ಪ ಅವಳನ್ನು ಅದೇ ಕೋಣೆಯ ಪಿಯಾನೋದ ಮೇಲೆ ಕೂರಿಸಿ, ತನ್ನ ಟೋಪಿ ಅವಳ ತಲೆಗಿಟ್ಟು, "ನೀನೇ ಮೇಸ್ತ್ರಿ. ಯಾವುದಾದ್ರೂ ಮಲಗಿದ್ರೆ ಕೂಗು," ಅಂದಿದ್ದ. ಕೋಣೆಯ ತುಂಬ ಕುರಿಗಳ ಉಸಿರಿನ ಹಬೆ, ಕಿಟಕಿಯ ಗಾಜಿನ ಮೇಲೆ ನೀರು. ಅಪ್ಪ ಒಳಗೆ ಬಂದಾಗಲೆಲ್ಲ ಅವಳಿಗೆ ಸಲಾಮು ಹೊಡೆಯುತ್ತಿದ್ದ. ಮಾತು ಕಡಿಮೆಯ ಮನುಷ್ಯ; ಇಡೀ ಬಾಲ್ಯದಲ್ಲಿ ಅಪ್ಪ ತನ್ನ ಜೊತೆ ಆಡಿದ ದಿನ ಅಂತ ಅವಳಿಗೆ ನೆನಪಿರುವುದು ಅದೊಂದೇ. ಸುಖದ ದಿನ ಯಾವುದು ಎಂದು ಯಾರಾದರೂ ಕೇಳಿದರೆ ಅದನ್ನೇ ಹೇಳುತ್ತಿದ್ದಳು.

ಆಗಸ್ಟಿನ ಮೊದಲ ವಾರ ಕಾರ್ಪೆಟ್ಟು ಬಂತು. ಒಣಹುಲ್ಲಿನ ಬಣ್ಣ. ಹಾಸುವವರು ಹೋದಮೇಲೆ ನೆಟ್ಟಿ ಚಪ್ಪಲಿ ಕಳಚಿ, ಕಾಲುಚೀಲವನ್ನೂ ಕಳಚಿ, ಗೋಡೆ ಹಿಡಿದುಕೊಂಡು ಕೋಣೆಯನ್ನು ಒಂದು ಸುತ್ತು ಬಂದಳು. ಆಮೇಲೆ ಬಾಗಿಲಲ್ಲಿ ನಿಂತು ಕಾಯಿದೆ ಹೊರಡಿಸಿದಳು.

"ಬೂಟು ಒಳಗೆ ಬರಕೂಡದು. ಚಹಾ ಬರಕೂಡದು. ನಾಯಿ ಬರಕೂಡದು."

"ನಾನು?" ಅಂದ ಡೂಗಲ್.

"ನಾಯಿಗೆ ಹೇಳಿದ್ದು ನಿಂಗೂ ಸೇರಿಸಿಯೇ."

ಉಣ್ಣೆ ತೆಗೆಯುವ ತಂಡ ತಿಂಗಳ ಮಧ್ಯದಲ್ಲಿ ಬಂತು. ಎರಡು ದಿನ ಬಿಸಿಲು, ಯಂತ್ರಗಳ ಗಿರ್ರ್ ಸದ್ದು. ಎರಡನೆಯ ಸಂಜೆಗೆ ಏಳುನೂರು ಕುರಿ ಬೋಳಾಗಿ, ಬೆತ್ತಲೆ ಗುಲಾಬಿ ಚರ್ಮದಲ್ಲಿ ಹೊಲದಲ್ಲಿ ನಿಂತಿದ್ದವು. ಅಂದು ಊಟದ ಹೊತ್ತಿಗೆ ರೇಡಿಯೋದಲ್ಲಿ ಹವಾಮಾನ ಬಂತು. ತೆಂಕಣ ಗಾಳಿ, ನಾನ್ನೂರು ಮೀಟರಿಗಿಂತ ಎತ್ತರದಲ್ಲೆಲ್ಲ ಹಿಮ.

"ನಾವೆಷ್ಟು ಎತ್ತರದಲ್ಲಿದೀವಿ?" ಅಂದಳು ಟೆಸ್.

"ನಾನ್ನೂರ ಮೂವತ್ತು," ಅಂದ ಡೂಗಲ್.

ಯಾರೂ ಆಮೇಲೆ ತಟ್ಟೆಯತ್ತ ನೋಡಲಿಲ್ಲ. ಆರ್ಚಿಯ ಉಯಿಲಿನ ಪ್ರಕಾರ ಶೋನಾ ಬ್ರಿಸ್ಬೇನಿನಲ್ಲಿರುವ ಅಣ್ಣ ರಾಯ್‌ಗೆ ವರ್ಷವರ್ಷ ಅವನ ಪಾಲು ಕೊಡುತ್ತಾ ಹೋಗಬೇಕು. ಒಂದು ವರ್ಷ ತಪ್ಪಿದರೂ ಜಮೀನು ಮಾರಿ ಹಂಚಿಕೊಳ್ಳುವುದು. ಮರಿಗಳನ್ನು ಮಾರಿದ ದುಡ್ಡಿನಲ್ಲೇ ಅದು ಆಗಬೇಕು. ನೂರು ಗಬ್ಬದ ಕುರಿ ಹೋದವೋ, ಈ ವರ್ಷದ ಪಾಲು ಹುಟ್ಟುವುದಿಲ್ಲ. ಇದು ಮನೆಯ ಎಲ್ಲರಿಗೂ, ಟೆಸ್‌ಗೂ ಗೊತ್ತಿತ್ತು.

"ನಿಮ್ಮಪ್ಪ ಇದ್ದಿದ್ರೆ—" ಎಂದು ನೆಟ್ಟಿ ಶುರುಮಾಡಿದಳು.

"ಅಮ್ಮ, ಇವತ್ತು ಬೇಡ."

ನೆಟ್ಟಿ ಎದ್ದು ಒಲೆಗೆ ಕಲ್ಲಿದ್ದಲು ಹಾಕಿದಳು.

ಬೆಳಗಾಗುವಾಗಲೇ ಬೀಳುತ್ತಿತ್ತು. ಅಡುಗೆಮನೆಯ ಕಿಟಕಿಯಲ್ಲಿ ಹಾಕ್‌ಡನ್ ಬೆಟ್ಟಸಾಲು ಇರಬೇಕಾದ ಕಡೆ ಏನೂ ಇರಲಿಲ್ಲ. ಗೇಟೂ ಇರಲಿಲ್ಲ. ಉಣ್ಣೆಯ ತಂಡ ರಸ್ತೆ ಮುಚ್ಚುವ ಮೊದಲೇ ಹೊರಟುಹೋಗಿತ್ತು. ಉಣ್ಣೆ ಇನ್ನೂ ಮೈಮೇಲಿದ್ದ ನಾನ್ನೂರರ ಚಿಂತೆ ಇರಲಿಲ್ಲ. ಅವು ಹಿಮದಲ್ಲಿ ನಿಂತುಕೊಂಡೇ ಮೆಲುಕು ಹಾಕುತ್ತವೆ. ಬೋಳಾದ ಏಳುನೂರರದ್ದೇ ಪ್ರಾಣಸಂಕಟ.

ಗಂಜಿಯನ್ನು ನಿಂತಲ್ಲೇ ಕುಡಿದು ಮೂವರೂ ಹೊರಟರು. ಉಣ್ಣೆ ಕೊಟ್ಟಿಗೆಯಲ್ಲಿ ಒತ್ತೊತ್ತಾಗಿ ನಾನ್ನೂರು ಹಿಡಿದವು. ಹುಲ್ಲಿನ ಕೊಟ್ಟಿಗೆಯಿಂದ ಹುಲ್ಲಿನ ಪೆಂಡಿಗಳನ್ನೆಲ್ಲ ಹೊರಗೆಸೆದು ನೂರಾ ನಲವತ್ತು ತುಂಬಿದರು. ಟ್ರ್ಯಾಕ್ಟರನ್ನು ಹಿಮಕ್ಕೆ ಬಿಟ್ಟು ಅದರ ಜಾಗಕ್ಕೆ ಐವತ್ತು ನೂಕಿದರು. ಪಕ್ಕದ ಜಮೀನಿನ ಕೋಲಿನ್‌ಗೆ ಫೋನು ಮಾಡಿದರೆ ಅವನ ಕೊಟ್ಟಿಗೆ ಅವನ ಕರುಗಳಿಗೇ ಸಾಲದಂತೆ. ಮಧ್ಯಾಹ್ನವಾಗುವಷ್ಟರಲ್ಲಿ ಹಿಮ ಮೊಣಕಾಲು ಮುಟ್ಟಿತ್ತು. ಇನ್ನೂ ನೂರಕ್ಕೂ ಮೇಲ್ಪಟ್ಟು ಕುರಿಗಳು ಪೈನ್ ಮರಗಳ ಸಾಲಿನ ಹಿಂದೆ ಬೆನ್ನು ಗೂನು ಮಾಡಿಕೊಂಡು ನಡುಗುತ್ತಿದ್ದವು.

ಮೂವರೂ ಅಡುಗೆಮನೆಗೆ ಬಂದಾಗ ನೆಟ್ಟಿ ಸಾರು ಬಿಸಿ ಮಾಡಿ, ಬ್ರೆಡ್ಡು ಕೊಯ್ದು ಇಟ್ಟಿದ್ದಳು. ಶೋನಾಳ ಕೈಗೆ ಚಮಚ ಹಿಡಿಯಲು ಬರಲಿಲ್ಲ. ಬಟ್ಟಲನ್ನೇ ಎತ್ತಿ ಕುಡಿದಳು.

"ಮನೆಯೊಂದೇ ಉಳಿದಿರೋದು," ಅಂದ ಡೂಗಲ್. ನೆಟ್ಟಿಯ ಕಡೆ ತಿರುಗಿ, "ನೆಟ್ಟಿ, ನಿಮ್ಮ ಮಂಚ ಗೋಡೆಗೆ ನಿಲ್ಲಿಸ್ತೀನಿ. ಮುಂಗೋಣೇಲಿ ನಲವತ್ತು ಹಿಡಿಸ್ತಾವೆ. ಟೆಸ್, ಮುಂಬಾಗಿಲು ತೆಗಿ."

"ತಡಿ," ಅಂದಳು ಶೋನಾ.

"ತಡಿಯೋದೇನಿದೆ? ಹೊತ್ತಿಲ್ಲ."

"ಅಮ್ಮನ್ನ ಕೇಳ್ಬೇಕು."

"ಕೇಳೋದಾ? ನಿಮ್ಮಪ್ಪ ಕೇಳಿದ್ರಾ?"

"ಇಲ್ಲ," ಅಂದಳು ಶೋನಾ. ಆ ಮಾತು ಬಾಯಿಂದ ಬಂದಮೇಲೆ ಅದು ಅವಳ ಕಿವಿಗೇ ಹೊಸದಾಗಿ ಕೇಳಿಸಿತು. ಕಥೆಯಲ್ಲಿ ಅಪ್ಪ ಚಹಾ ಇಡು ಅಂದದ್ದಿತ್ತು, ಅಮ್ಮ ಪೊರಕೆ ಹಿಡಿದದ್ದಿತ್ತು. ಕೇಳಿದ್ದು ಇರಲಿಲ್ಲ. ಅವಳು ತಾಯಿಯ ಎದುರಿನ ಕುರ್ಚಿಯಲ್ಲಿ ಕೂತಳು.

"ಅಮ್ಮ, ನೂರು ಕುರಿ ಹೊರಗಿವೆ. ನಮ್ಮ ಕೋಣೆ, ಟೆಸ್ ಕೋಣೆ, ಅಡುಗೆಮನೆ, ಬಟ್ಟೆ ಒಗೆಯೋ ಕೋಣೆ, ಎಲ್ಲ ಸೇರಿ ಅರ್ಧ ಆಗ್ತವೆ. ನಿನ್ನ ಕೋಣೆ ಕೊಟ್ರೆ ಹತ್ರಹತ್ರ ಎಲ್ಲ ಒಳಗೆ ಬರ್ತವೆ. ಕೊಡ್ತೀಯಾ?"

ನೆಟ್ಟಿ ಬ್ರೆಡ್ಡಿನ ಚಾಕುವನ್ನು ಒರೆಸುತ್ತಿದ್ದಳು. "ಬೇಡ ಅಂದ್ರೆ?"

"ಬೇಡ ಅಂದ್ರೆ ಬೇಡ."

"ಜಮೀನು ಹೋಗಬಹುದು."

"ಹೋಗಬಹುದು."

ನೆಟ್ಟಿ ಚಾಕುವನ್ನು ಡ್ರಾಯರಿಗೆ ಹಾಕಿ ಮುಚ್ಚಿದಳು. "ಹಾಗಾದ್ರೆ ಬೇಡ," ಅಂದಳು.

ಡೂಗಲ್‌ನ ಮುಖ ಬಿಳಿಚಿ, ಆಮೇಲೆ ಕೆಂಪಾಯಿತು.

"ಕಾರ್ಪೆಟ್ಟಿಗೋಸ್ಕರ? ಮೂರು ವರ್ಷ ಆರ್ಚಿ ಆರ್ಚಿ ಅಂತ ಜಪ ಮಾಡಿ, ಈಗ ಕಾರ್ಪೆಟ್ಟಿಗೋಸ್ಕರ? ಆರ್ಚಿ ಮಾಡಿದ್ದನ್ನ ನೀವೇ ಊರಿಗೆಲ್ಲ ಹೇಳ್ಕೊಂಡು ನಕ್ಕಿದೀರಲ್ಲ!"

"ಅವನು ಮಾಡಿದ್ದು ಸರಿ ಅಂತ ನಾನು ಯಾವತ್ತೂ ಹೇಳಿಲ್ಲ," ಅಂದಳು ನೆಟ್ಟಿ. "ನೀವೆಲ್ಲ ನಗ್ತಿದ್ರಿ. ನಾನೂ ನಕ್ಕೆ."

"ನೆಟ್ಟಿ—"

"ಚಹಾ ಇಡು ಅಂತ ಅವನು ಅಂದಿದ್ದಲ್ಲ. 'ನಿನ್ನ ಕಾರ್ಪೆಟ್ಟು ಉಣ್ಣೆ ಕೊಡುತ್ತಾ, ಮರಿ ಹಾಕುತ್ತಾ? ದಾರಿ ಬಿಡೇ,' ಅಂದಿದ್ದು. ತೋಳು ಹಿಡಿದು ಪಕ್ಕಕ್ಕೆ ತಳ್ಳಿದ. ಚಹಾದ್ದು ನಾನೇ ಆಮೇಲೆ ಸೇರಿಸಿದ್ದು. ಇಲ್ಲಾಂದ್ರೆ ನೆಂಟರ ಮುಂದೆ ಹೇಳೋದು ಹೇಗೆ? ಒಂದು ತಿಂಗಳು ಮೊಣಕಾಲೂರಿ ಉಜ್ಜಿದೆ. ವಾಸನೆ ಹೋಗಲಿಲ್ಲ. ಸುಟ್ಟುಹಾಕಿದ್ವಿ. 'ಮುಂದಿನ ವರ್ಷ ಇನ್ನೊಂದು ತರೋಣ,' ಅಂದ. ಆ ಮುಂದಿನ ವರ್ಷ ಈ ಆಗಸ್ಟಿಗೆ ಬಂತು."

ಅವಳು ಉಸಿರು ತೆಗೆದುಕೊಂಡಳು. "ಜೀವಮಾನದಲ್ಲಿ ಒಂದು ಸಲ ಕೇಳಿದೀರಿ. ನಾನು ಬೇಡ ಅಂತಿದೀನಿ."

"ಶೋನಾ, ನೀನಾದ್ರೂ ಹೇಳು," ಅಂದ ಡೂಗಲ್.

ತಾಯಿಯ ಕೈ ಹಿಡಿದು ಪಕ್ಕಕ್ಕೆ ಸರಿಸಲು ಶೋನಾಗೆ ಅರೆ ನಿಮಿಷ ಸಾಕಿತ್ತು. ಅಪ್ಪನಿಗೆ ಅಷ್ಟೂ ಬೇಕಾಗಿರಲಿಲ್ಲವೇನೋ. ಅವಳು ಎದ್ದು ಕೈಗವಸು ಹಾಕಿಕೊಂಡಳು.

"ಕೇಳಿದೆ, ಹೇಳಿದ್ಲು. ನಡಿ, ನಮ್ಮ ಕೋಣೆಯಿಂದ ಶುರುಮಾಡೋಣ."

ಆಮೇಲೆ ಆ ಮನೆಯಲ್ಲಿ ನಡೆದದ್ದನ್ನು ಕಣ್ಣಾರೆ ನೋಡಬೇಕಿತ್ತು. ಶೋನಾ ಮತ್ತು ಡೂಗಲ್ ಮಲಗುವ ಕೋಣೆಗೆ ಹದಿನಾರು ಕುರಿ. ಟೆಸ್‌ಳ ಕೋಣೆಗೆ ಹನ್ನೆರಡು.

"ನಂಗೂ ಒಂದು ಕಾರ್ಪೆಟ್ ಇದ್ದಿದ್ರೆ ನಾನೂ ಬೇಡ ಅಂತಿದ್ದೆ," ಎಂದು ಟೆಸ್ ಒಂದು ಕುರಿಯನ್ನು ಕತ್ತು ಹಿಡಿದು ಎಳೆಯುತ್ತಾ ಕೂಗಿದಳು. "ಅಪ್ಪಾ, ಇದು ನನ್ನ ಪರೀಕ್ಷೆ ಪುಸ್ತಕ ತಿಂತಿದೆ!"

"ತಿನ್ನಲಿ. ನಿನಗಿಂತ ಚೆನ್ನಾಗಿ ಪಾಸಾಗತ್ತೆ."

ಬಟ್ಟೆ ಒಗೆಯುವ ಕೋಣೆಗೆ ಎಂಟು, ಬಚ್ಚಲಿಗೆ ಐದು, ಅದರಲ್ಲಿ ಒಂದು ಸ್ನಾನದ ತೊಟ್ಟಿಯೊಳಗೆ. ಅಡುಗೆಮನೆಗೆ ಹತ್ತು. ನೆಟ್ಟಿ ಕುರ್ಚಿಗಳನ್ನೆಲ್ಲ ಮೇಜಿನ ಮೇಲೇರಿಸಿ, ಊರುಗೋಲು ಹಿಡಿದು, ಆ ಹತ್ತರ ನಡುವೆ ನಿಂತಳು. ಗೋಣಿಚೀಲ ತೆಗೆದು ಒಂದೊಂದರ ಬೆನ್ನನ್ನೂ ತಿಕ್ಕಿದಳು. ಒಲೆ ಕೆಂಪಗಾಗುವಂತೆ ಕಲ್ಲಿದ್ದಲು ಸುರಿದಳು. ತೀರ ನಡುಗುತ್ತಿದ್ದ ಒಂದಕ್ಕೆ ಮುಂಗೋಣೆಯ ತನ್ನ ಮಂಚದಿಂದ ಪುಕ್ಕದ ರಜಾಯಿಯನ್ನು ತಂದು ಹೊದೆಸಿದಳು. ತಂದು, ಹಿಂದಿನಿಂದ ಬಾಗಿಲು ಹಾಕಿಕೊಂಡಳು. ಡೂಗಲ್ ಅದನ್ನು ನೋಡಿದ.

ಉಳಿದದ್ದು ಅರವತ್ತರ ಹತ್ತಿರ. ಅವಕ್ಕೆ ಜಾಗವೇ ಇಲ್ಲ.

"ನಿಲ್ಲೋಕೆ ಬಿಡಬಾರದು," ಅಂದ ಡೂಗಲ್. "ನಿಂತ್ರೆ ಮಲಗ್ತವೆ, ಮಲಗಿದ್ರೆ ಮುಗೀತು. ನಡೆಸ್ತಾ ಇರಬೇಕು."

ಮೂವರೂ, ನಾಯಿಯೂ ಸೇರಿ, ಪೈನ್ ಮರಗಳ ಹಿಂದೆ ಹಿಮ ತುಳಿದು ಒಂದು ಗುಂಡನೆಯ ದಾರಿ ಮಾಡಿದರು. ಗಾಣದೆತ್ತಿನ ಹಾಗೆ ಅದರಲ್ಲೇ ಕುರಿಗಳನ್ನು ಸುತ್ತಿಸಿದರು. ತುಳಿದ ದಾರಿ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಗಾಳಿಗೆ ಮರೆಯಾಗಲೆಂದು ನಂಬಿ ಬಂದ ಮರಗಳೇ ಹಿಮವನ್ನು ತಡೆದು ತಂದು ಅಲ್ಲಿ ಗುಡ್ಡೆ ಹಾಕುತ್ತಿದ್ದವು. ಇದನ್ನೂ ಅವರು ನಡೆಸುತ್ತಾ ನಡೆಸುತ್ತಾ ಕಂಡುಕೊಂಡದ್ದು. ಕಂಡುಕೊಳ್ಳುವಾಗ ತಡವಾಗಿತ್ತು.

ಶೋನಾ ಕೂಗುತ್ತಾ, ಕೈ ತಟ್ಟುತ್ತಾ, ಹಿಂದುಳಿದದ್ದನ್ನು ಮೊಣಕಾಲಿನಿಂದ ನೂಕುತ್ತಾ ನಡೆದಳು. ಅಪ್ಪನ ಮುಖವನ್ನು ತಂದುಕೊಳ್ಳಲು ನೋಡಿದಳು. ಸಲಾಮು ಹೊಡೆಯುವ ಆ ಮುಖ. ಅದು ಬಂತು, ಆದರೆ ಒಂಟಿಯಾಗಿ ಬರಲಿಲ್ಲ. ಪಿಯಾನೋದ ಮೇಲೆ ಕೂತ ಹುಡುಗಿಗೆ ಬಾಗಿಲ ಆಚೆಗಿನ ಪಡಸಾಲೆಯೂ ಕಾಣುತ್ತಿತ್ತಲ್ಲವೆ? ಅಲ್ಲಿ ಗೋಡೆಗೊರಗಿ ಅಮ್ಮ ತೋಳನ್ನು ಹಿಡಿದುಕೊಂಡು ನಿಂತಿದ್ದಳು. ಪೊರಕೆ ಇರಲಿಲ್ಲ. ಅಮ್ಮ ತನ್ನನ್ನೇ ನೋಡುತ್ತಿದ್ದಳು, ತಾನು ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡಿದ್ದಳು. ಇಷ್ಟು ವರ್ಷ ಇದು ಎಲ್ಲಿ ಹೋಗಿತ್ತು?

"ಶೋನಾ! ಅಲ್ಲಿ ಒಂದು ಕೂತ್ಕೊಳ್ತು!" ಡೂಗಲ್ ಕೂಗಿದ.

ಅವಳು ಓಡಿದಳು. ಇಬ್ಬರೂ ಸೇರಿ ಎತ್ತಿ ನಿಲ್ಲಿಸಿದರು. ಬಿಟ್ಟ ತಕ್ಷಣ ಅದು ಮತ್ತೆ ಮಡಚಿಕೊಂಡಿತು. ಮೂರನೆಯ ಸಲಕ್ಕೆ ಡೂಗಲ್ ಅದನ್ನು ಬಿಟ್ಟು ಮುಂದೆ ಹೋದ. ಆಮೇಲೆ ಇನ್ನೊಂದು, ಆಮೇಲೆ ಜೋಡಿ. ಬೆಳಕಿಳಿಯುವ ಹೊತ್ತಿಗೆ ಗಾಳಿ ನಿಂತಿತು, ಹಿಮವೂ ನಿಂತಿತು. ಹಿಮಕ್ಕೇನು, ಅದು ಯಾರನ್ನೂ ಕೇಳಿ ಬಂದದ್ದಲ್ಲ, ಕೇಳಿ ಹೋಗಲೂ ಇಲ್ಲ.

ಮಾರನೆಯ ಬೆಳಗ್ಗೆ ಸತ್ತವನ್ನು ಎಣಿಸಿದರು. ಪೈನ್ ಮರಗಳ ಹಿಂದೆ ಮೂವತ್ತಮೂರು. ಹುಲ್ಲಿನ ಕೊಟ್ಟಿಗೆಯಲ್ಲಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿದವು ಒಂಬತ್ತು. ಮನೆಯೊಳಗೆ ಬಂದದ್ದರಲ್ಲಿ ಒಂದೂ ಸಾಯಲಿಲ್ಲ.

ಡೂಗಲ್ ಅಡುಗೆಮನೆಯ ನೆಲ ಉಜ್ಜುತ್ತಿದ್ದ ನೆಟ್ಟಿಯ ಮುಂದೆ ಬಂದು ನಿಂತು, "ಮೂವತ್ತಮೂರು. ನಿಮ್ಮ ಕೋಣೇಲಿ ನಲವತ್ತು ಹಿಡಿಸ್ತಿತ್ತು," ಅಂದ. ಅಷ್ಟೇ ಅಂದು ಹೊರಗೆ ಹೋದ. ಅಲ್ಲಿಂದ ಮೂರು ವಾರ ಅವನು ಅತ್ತೆಯ ಜೊತೆ ಮಾತಾಡಲಿಲ್ಲ.

ಒಂದೇ ಮೇಜಿನಲ್ಲಿ ಮೂರು ವಾರ ಮಾತಿಲ್ಲದೆ ಉಣ್ಣುವುದು ಎಂದರೆ ಸುಲಭವಲ್ಲ. "ಟೆಸ್, ಉಪ್ಪು ಈ ಕಡೆ ಕೊಡೋಕೆ ನಿಮ್ಮಜ್ಜಿಗೆ ಹೇಳು." "ಟೆಸ್, ಉಪ್ಪು ನಿಮ್ಮಪ್ಪನ ಮೊಣಕೈ ಪಕ್ಕದಲ್ಲೇ ಇದೆ ಅಂತ ಹೇಳು." ಟೆಸ್ ಉಪ್ಪಿನ ಡಬ್ಬಿಯನ್ನು ತನ್ನ ತಟ್ಟೆಯ ಮುಂದೆ ಇಟ್ಟುಕೊಂಡು, "ನಾನೇನು ಅಂಚೆ ಕಚೇರಿನಾ?" ಅನ್ನುತ್ತಿದ್ದಳು. ನೆಟ್ಟಿ ಒಂದು ಹೊತ್ತೂ ಡೂಗಲ್‌ನ ತಟ್ಟೆ ಖಾಲಿ ಬಿಡಲಿಲ್ಲ. ಡೂಗಲ್ ಒಂದು ಹೊತ್ತೂ ಅದನ್ನು ಉಣ್ಣದೆ ಎದ್ದುಹೋಗಲಿಲ್ಲ. ಜಗಳ ಏನಿದ್ದರೂ ಹೊಟ್ಟೆಗೆ ಶಿಕ್ಷೆ ಕೊಡುವಷ್ಟು ದಡ್ಡರು ಇಬ್ಬರೂ ಅಲ್ಲ.

ಶೋನಾಗೆ ನಿದ್ದೆ ಹಾರಿಹೋಗಿತ್ತು. ಚಳಿ ಹೊಡೆದ ಕುರಿಗಳಲ್ಲಿ ಗಬ್ಬ ನಿಂತಿದೆಯೋ ಕಳಚಿದೆಯೋ ಮರಿ ಬೀಳುವವರೆಗೂ ಗೊತ್ತಾಗುವುದಿಲ್ಲ. ಬ್ರಿಸ್ಬೇನಿನಿಂದ ರಾಯ್ ಫೋನು ಮಾಡಿ, "ಎಷ್ಟು ಹೋದ್ವು?" ಎಂದು ಕೇಳಿದ. ಹೇಳಿದಳು. "ಡಿಸೆಂಬರಿಗೆ ತೊಂದರೆ ಇಲ್ಲ ತಾನೆ?" ಅಂದ. "ನೋಡೋಣ," ಅಂದಳು.

ಅಂದು ರಾತ್ರಿಯೂಟಕ್ಕೆ ಡೂಗಲ್‌ನ ಮಾತು ಹೊರಬಿತ್ತು. ಟೆಸ್ ಬೇಕರಿಯಲ್ಲಿ ಯಾರೋ ಕೇಳಿದರೆಂದು ಹೇಳುತ್ತಿದ್ದಳು: ನಿಮ್ಮಜ್ಜಿ ಕುರಿಗೆ ಬಾಗಿಲು ಹಾಕಿದರಂತೆ?

"ಹಾಕಿದ್ದು ನಿಜಾನೇ," ಅಂದ ಡೂಗಲ್, ಗೋಡೆಯ ಕಡೆ ನೋಡುತ್ತಾ.

ಶೋನಾ ಪಾತ್ರೆ ಕೆಳಗಿಟ್ಟಳು. "ಡೂಗಲ್, ಕುರಿ ಬೋಳಿಸಿದ್ದು ಯಾರು? ನಾವು. ಎರಡೆರಡು ಡಾಲರ್ ಉಳಿಸೋಕೆ. ಮರದ ಹಿಂದೆ ಬಿಟ್ಟಿದ್ದು ಯಾರು? ನಾವು. ಅಷ್ಟೆಲ್ಲ ನಾವು ಮಾಡಿ, ಕೊನೇಲಿ ಉಳಿದಿದ್ದು ಅಮ್ಮನ ಕೋಣೆ ಒಂದು. ಅದನ್ನ ಕೊಟ್ಟಿಲ್ಲ ಅಂತ ಅವಳ ಮೇಲೆ ಹಾಕ್ತೀಯಾ?"

"ನಾನು ಹಾಕ್ತಿಲ್ಲ. ಎಣಿಸ್ತಿದೀನಿ."

"ಎಣಿಸೋದಾದ್ರೆ ಮೊದಲಿಂದ ಎಣಿಸು."

ಡೂಗಲ್ ಒಂದಷ್ಟು ಹೊತ್ತು ಆಲೂಗಡ್ಡೆಯನ್ನು ಕಿವುಚಿದ. ಎಣಿಸುತ್ತಿದ್ದನೋ ಏನೋ. ಆಮೇಲೆ, "ಕೋಪ ಬಂದಿದ್ದು ಕುರಿಗಲ್ಲ," ಅಂದ. "ಮೂರು ವರ್ಷ ಆ ಮನುಷ್ಯನ ಹಾಗೆ ಇಲ್ಲ ಅಂತ ಅನ್ನಿಸ್ಕೊಂಡೆ. ಆವತ್ತು ಅವನ ಹಾಗೇ ಮಾಡೋಕೆ ಹೋದೆ. ಅದೂ ತಪ್ಪಾಯ್ತು."

ನೆಟ್ಟಿ ಮೂರು ವಾರದಲ್ಲಿ ಮೊದಲ ಸಲ ಅವನನ್ನು ನೇರ ನೋಡಿದಳು. "ತಪ್ಪಾಗಿದ್ದು ಅಲ್ಲೇ ಹುಡುಗಾ. ಅವನ ಹಾಗೆ ಮಾಡು ಅಂತ ನಾನು ಯಾವತ್ತು ಹೇಳಿದೆ?"

"ದಿನಾ ಹೇಳಿದೀರಿ!" ಎಂದು ಮೂವರೂ ಒಟ್ಟಿಗೆ ಅಂದರು.

ನೆಟ್ಟಿ ಆಲೂಗಡ್ಡೆಯ ಪಾತ್ರೆಯನ್ನು ಹತ್ತಿರ ಎಳೆದುಕೊಂಡಳು. "ಹಾಗಾದ್ರೆ ಇನ್ಮೇಲೆ ಹೇಳಲ್ಲ," ಅಂದಳು. "ಆಲೂಗಡ್ಡೆ ಇನ್ನೊಂಚೂರು ಹಾಕ್ಲಾ?"

"ಹಾಕಿ," ಅಂದ ಡೂಗಲ್.

ಸೆಪ್ಟೆಂಬರಿನ ಕೊನೆಗೆ ಮರಿಗಳು ಬೀಳತೊಡಗಿದವು. ನಾಲ್ವರೂ ದಿನಕ್ಕೆ ಎರಡು ಸಲ ಎಣಿಸುತ್ತಿದ್ದರು, ಒಬ್ಬರ ಲೆಕ್ಕವನ್ನು ಇನ್ನೊಬ್ಬರು ನಂಬುತ್ತಿರಲಿಲ್ಲ. ಚಳಿ ಹೊಡೆದವುಗಳಲ್ಲಿ ಹತ್ತೆಂಟು ಕುರಿಗಳು ಬರಿಹೊಟ್ಟೆಯಲ್ಲಿ ಉಳಿದವು. ತಾಯಿ ಬಿಟ್ಟ ಮರಿಗಳಿಗೆ ನೆಟ್ಟಿ ಒಲೆಯ ಪಕ್ಕದ ಪೆಟ್ಟಿಗೆಯಲ್ಲಿ ಬಾಟಲಿ ಹಾಲು ಕುಡಿಸಿದಳು. ಶೋನಾ ಅವಳ ಪಕ್ಕ ಕೂತು ಇನ್ನೊಂದು ಬಾಟಲಿ ಹಿಡಿಯುತ್ತಿದ್ದಳು. ಒಂದು ಬೆಳಗ್ಗೆ ಕೇಳಿದಳು:

"ಆವತ್ತು ನಾನು ಪಿಯಾನೋ ಮೇಲೆ ಕೂತಿದ್ನಲ್ಲ, ನಿಂಗೆ ನನ್ನ ಮೇಲೂ ಕೋಪ ಬಂದಿತ್ತಾ?"

ನೆಟ್ಟಿ ಮರಿಯ ಬಾಯಿಂದ ಸೋರಿದ ಹಾಲನ್ನು ಒರೆಸಿದಳು. "ಬಂದಿತ್ತು," ಅಂದಳು. "ಅಷ್ಟು ಖುಷಿಯಾಗಿದ್ದೆ ನೀನು. ಮಗುವಿನ ಮೇಲೆ ಎಷ್ಟು ದಿನ ಕೋಪ ಮಾಡ್ಕೊಳ್ಳೋದು? ಬಾಟಲಿ ಇನ್ನೊಂಚೂರು ಎತ್ತಿ ಹಿಡಿ, ಗಾಳಿ ಕುಡೀತಿದೆ ಅದು."

ಡಿಸೆಂಬರಿನಲ್ಲಿ ಮರಿಗಳನ್ನು ಮಾರಿದರು. ರಾಯ್‌ನ ಪಾಲು ಹುಟ್ಟಿತು. ಅದನ್ನು ಕಳಿಸಿದ ಮೇಲೆ ಕೈಯಲ್ಲಿ ಹೆಚ್ಚೇನೂ ಉಳಿಯಲಿಲ್ಲ. ಮುಂದಿನ ಆಗಸ್ಟಿಗೆ ಡೂಗಲ್ ತಾನೇ ಫೋನು ಮಾಡಿ ಕೈಗತ್ತರಿಯವರಿಗೆ ಹೇಳಿಟ್ಟ.

ಆ ವರ್ಷ ಅವರಿಗೆ ನಲವತ್ತೆರಡು ಕುರಿ ಹೋದವು, ಅವುಗಳ ಹೊಟ್ಟೆಯಲ್ಲಿದ್ದ ಮರಿಗಳೂ ಹೋದವು. ಅದರಲ್ಲಿ ಮೂವತ್ತಮೂರನ್ನು ಉಳಿಸಬಹುದಿತ್ತು, ಉಳಿಸಲಿಲ್ಲ. ಜಮೀನು ಉಳಿಯಿತು. ಅಪ್ಪನ ಜೊತೆಗಿನ ಆ ಒಂದು ದಿನವನ್ನು ಶೋನಾ ಆಮೇಲೆ ಸುಖದ ದಿನ ಎಂದು ಯಾರಿಗೂ ಹೇಳಲಿಲ್ಲ. ಅಂಥದ್ದು ಅವಳ ಬಳಿ ಇನ್ನೊಂದಿರಲಿಲ್ಲ. ಅಮ್ಮನ ಜೊತೆಗೆ ನಿಜ ಮಾತಾಡುವುದು ಅವಳಿಗೆ ನಲವತ್ತಾರನೆಯ ವಯಸ್ಸಿನಲ್ಲಿ ಸಿಕ್ಕಿತು.